ರಟ್ಟು ಮತ್ತು ಓದು: ಚಿತ್ರಕಥಾ ಸಂಪುಟಗಳ ಆಯ್ಕೆಯನ್ನು ಕುರಿತು

ಪುಸ್ತಕದ ಹೊರಮೈಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಚರ್ಚೆಯ ವಿಷಯವಾಗಿ ಪರಿಗಣಿಸುವುದಿಲ್ಲ. ಕಾವ್ಯವನ್ನು ಕ್ಯಾಲಿಕೊ ಬೈಂಡಿನ ಉತ್ತಮ ಪ್ರತಿಯಲ್ಲಿ ಓದಿದರೂ ಸಾದಾ ಪ್ರತಿಯಲ್ಲಿ ಓದಿದರೂ ಪದ್ಯವು ಅದೇ. ಅದರ ಅರ್ಥವೂ ಅದೇ ಎಂಬುದು ರೂಢಿಯ ನಂಬಿಕೆ. ಚಿತ್ರಕಥೆಯ ಮುಂದೆ ಈ ನಂಬಿಕೆ ನಿಲ್ಲಲಾರದು. ಅಲ್ಲಿ ಪುಟದ ಅಳತೆ, ಕಾಗದದ ಗುಣ, ಬಣ್ಣದ ಸಾಂದ್ರತೆ, ಎಡಬಲ ಪುಟಗಳು ಕೂಡುವ ನಡುಗೆರೆ ಇವೆಲ್ಲವೂ ಕಥನದ ಅಂಗಗಳೇ. ಆದ್ದರಿಂದ ಚಿತ್ರಕಥೆಗಳನ್ನು ಕೊಳ್ಳುವವರು ಗಟ್ಟಿರಟ್ಟಿನ ಸಂಪುಟವನ್ನು ಆರಿಸಬೇಕೋ ಪೇಪರ್‌ಬ್ಯಾಕನ್ನು ಆರಿಸಬೇಕೋ ಎಂಬ ಪ್ರಶ್ನೆಯು ಕೇವಲ ಬೆಲೆಯ ಪ್ರಶ್ನೆಯಲ್ಲ. ಏನನ್ನು ಉಳಿಸಬೇಕು, ಯಾರಿಗಾಗಿ ಉಳಿಸಬೇಕು ಎಂಬ ವಿವೇಚನೆ ಅದರ ಹಿಂದೆ ಇದೆ.

ಭಾರತದ ಓದುಗರಿಗೆ ಈ ಪ್ರಶ್ನೆ ಎದುರಾಗುವುದು ಬಹುಮಟ್ಟಿಗೆ ಅಮರ ಚಿತ್ರ ಕಥಾ ಮಾಲೆಯ ಮೂಲಕ. ಮೂವತ್ತೆರಡು ಪುಟಗಳ, ನಡುವೆ ಎರಡು ಪಿನ್ನು ಹೊಡೆದ ತೆಳು ಪುಸ್ತಿಕೆಯಾಗಿ ಮನೆಮನೆಗೆ ಬಂದ ಈ ಮಾಲೆ ಇಂದು ಹಲವು ಕಥೆಗಳನ್ನು ಒಂದುಗೂಡಿಸಿದ ಸಂಪುಟಗಳ ರೂಪದಲ್ಲಿಯೂ ದೊರೆಯುತ್ತದೆ. 1980ರ ದಶಕದಲ್ಲಿ 42 ಬಿಡಿ ಸಂಚಿಕೆಗಳಾಗಿ ಹೊರಬಂದ ಅದರ ಮಹಾಭಾರತವು ಅನಂತರ ಮೂರು ಗಟ್ಟಿರಟ್ಟಿನ ಸಂಪುಟಗಳಾಗಿ ಕಟ್ಟಲ್ಪಟ್ಟಿತು. ಒಂದೇ ಕಥನ, ಎರಡು ಶರೀರ. ಬಿಡಿ ಸಂಚಿಕೆಯ ಓದುಗನಿಗೆ ಪ್ರತಿ ಪುಸ್ತಿಕೆಯ ಕೊನೆಯಲ್ಲಿ ಒಂದು ನಿಲುಗಡೆಯಿತ್ತು. ಮುಂದಿನ ಭಾಗ ಕೈಸೇರುವವರೆಗೆ ಕಾಯಬೇಕಾಗಿತ್ತು. ಸಂಪುಟದ ಓದುಗನಿಗೆ ಆ ಕಾಯುವಿಕೆ ಇಲ್ಲ. ಆದಿಪರ್ವದ ಶಾಪವೊಂದು ಯುದ್ಧದಲ್ಲಿ ಫಲಿಸುವುದನ್ನು ಪುಟ ತಿರುವಿ ಕಾಣುವ ಸೌಲಭ್ಯವಿದೆ. ಮಹಾಭಾರತದಂತಹ ದೀರ್ಘ ಕಥನಕ್ಕೆ ಸಂಪುಟರೂಪವು ನ್ಯಾಯ ಒದಗಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪರಸ್ಪರ ಸಂಬಂಧವಿಲ್ಲದ ಐದೋ ಹತ್ತೋ ಕಥೆಗಳನ್ನು ಒಂದೇ ರಟ್ಟಿನೊಳಗೆ ಸೇರಿಸಿದಾಗ ಆ ನ್ಯಾಯ ಅನ್ವಯಿಸುವುದಿಲ್ಲ. ಅಲ್ಲಿ ದೊರೆಯುವುದು ಕಥನದ ಏಕತೆಯಲ್ಲ, ಕಪಾಟಿನ ಅಚ್ಚುಕಟ್ಟು ಮಾತ್ರ.

ಗಟ್ಟಿರಟ್ಟು ಎಂದಾಕ್ಷಣ ಬಾಳಿಕೆ ಎಂದು ತಿಳಿಯುವುದೂ ಆತುರದ ನಿರ್ಣಯ. ಪುಸ್ತಕದ ಆಯುಷ್ಯವು ರಟ್ಟಿನಲ್ಲಿ ಇಲ್ಲ, ಹೊಲಿಗೆಯಲ್ಲಿ ಇದೆ. ಬೆನ್ನಿನ ಮೇಲ್ತುದಿಯನ್ನು ಗಮನಿಸಿದರೆ ಇದು ತಿಳಿಯುತ್ತದೆ: ಹಾಳೆಗಳು ಮಡಿಕೆ ಮಡಿಕೆಯಾಗಿ ಕಂಡು, ಮಡಿಕೆಯ ನಡುವೆ ದಾರ ಕಂಡರೆ ಅದು ಹೊಲಿದ ಪುಸ್ತಕ, ಬಿಡಿ ಹಾಳೆಗಳ ಅಂಚಿಗೆ ಅಂಟು ಹಚ್ಚಿ ರಟ್ಟು ತೊಡಿಸಿದ್ದರೆ ಅದು ಗಟ್ಟಿ ಉಡುಪಿನ ಪೇಪರ್‌ಬ್ಯಾಕ್ ಅಷ್ಟೆ. ಅಂಟು ಒಣಗಿ ಬಿರುಕುಬಿಟ್ಟಾಗ ಭಾರವಾದ ಸಂಪುಟವೇ ಮೊದಲು ಹಾಳೆ ಉದುರಿಸುತ್ತದೆ. ಅದಲ್ಲದೆ ದಪ್ಪ ಸಂಪುಟವು ಪೂರ್ಣವಾಗಿ ತೆರೆದುಕೊಳ್ಳದಿದ್ದರೆ ಒಳಅಂಚಿನ ಚೌಕಗಳು ನಡುಗೆರೆಯಲ್ಲಿ ಹುದುಗಿಹೋಗುತ್ತವೆ. ಎರಡು ಪುಟಗಳಿಗೆ ಹರಡಿದ ಯುದ್ಧದ ದೃಶ್ಯದಲ್ಲಿ ರಥದ ಅರ್ಧಭಾಗವೇ ಕಾಣೆಯಾಗುತ್ತದೆ. ಪಿನ್ನಿನ ಪುಸ್ತಿಕೆಯಾದರೋ ನೆಲದ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಅದರ ಶತ್ರುಗಳು ಬೇರೆ: ಕರಾವಳಿಯ ತೇವದಲ್ಲಿ ಪಿನ್ನು ತುಕ್ಕು ಹಿಡಿದು ನಡುಹಾಳೆಯನ್ನು ತಿನ್ನುತ್ತದೆ; ಅಗ್ಗದ ಕಾಗದ ಕೆಲವೇ ವರ್ಷಗಳಲ್ಲಿ ಹಳದಿಗಟ್ಟುತ್ತದೆ; ಗೆದ್ದಲಿಗಂತೂ ಎರಡೂ ಒಂದೇ.

ಬಣ್ಣದ ವಿಚಾರವೂ ಗಮನಾರ್ಹ. ಒರಟು ಕಾಗದವು ಮಸಿಯನ್ನು ಹೀರಿಕೊಂಡು ಬಣ್ಣವನ್ನು ತಗ್ಗಿಸುತ್ತದೆ. ಆ ಕಾಗದಕ್ಕೆಂದೇ ಕಲಾವಿದರು ಯೋಜಿಸಿದ ಬಣ್ಣಗಳನ್ನು ನುಣುಪು ಕಾಗದದ ಸಂಪುಟದಲ್ಲಿ ಅಚ್ಚುಮಾಡಿದಾಗ ಅವು ಕಣ್ಣಿಗೆ ಕುಕ್ಕುತ್ತವೆ. ಮರುಮುದ್ರಣಕ್ಕಾಗಿ ಬಣ್ಣಗಳನ್ನೇ ಹೊಸದಾಗಿ ತುಂಬುವುದೂ ಉಂಟು. ಹಾಗಾಗಿ ದುಬಾರಿ ಪ್ರತಿಯೇ ಮೂಲಕ್ಕೆ ಹತ್ತಿರದ ಪ್ರತಿ ಎನ್ನಲಾಗದು.

ಬೇರೆ ದೇಶಗಳ ರೂಢಿಯೂ ಇದನ್ನೇ ಸೂಚಿಸುತ್ತದೆ. ಫ್ರೆಂಚ್ ಭಾಷೆಯ ಟಿನ್‌ಟಿನ್ ಕಥೆಗಳಿಗೆ ಗಟ್ಟಿರಟ್ಟಿನ ದೊಡ್ಡ ಆಲ್ಬಮ್ಮೇ ಸಹಜ ರೂಪ. ಮಕ್ಕಳೂ ಅದನ್ನೇ ಓದುತ್ತಾರೆ. ಜಪಾನಿನ ಮಾಂಗಾ ಮೊದಲು ಅಗ್ಗದ ಕಾಗದದ ದಪ್ಪ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಅನಂತರ ಉಳಿಸಿಕೊಳ್ಳಬೇಕಾದದ್ದು ಕೈಯಳತೆಯ ಪೇಪರ್‌ಬ್ಯಾಕ್ ಸಂಪುಟವಾಗುತ್ತದೆ. ಅಲ್ಲಿ ಸಂಗ್ರಾಹ್ಯ ರೂಪವೇ ಪೇಪರ್‌ಬ್ಯಾಕು. ಗೌರವವು ರಟ್ಟಿನ ಸ್ವಭಾವದಲ್ಲಿ ಇಲ್ಲ, ಓದುವ ಸಮಾಜದ ಅಭ್ಯಾಸದಲ್ಲಿದೆ.

ಕರ್ನಾಟಕದ ಮನೆಗಳಲ್ಲಿ ಇವೆರಡರ ನಡುವಿನ ಮೂರನೆಯ ದಾರಿಯೊಂದಿತ್ತು. ಚಂದಮಾಮದ ವರ್ಷದ ಸಂಚಿಕೆಗಳನ್ನೋ, ವಾರಪತ್ರಿಕೆಯಿಂದ ಕತ್ತರಿಸಿದ ಧಾರಾವಾಹಿಯ ಹಾಳೆಗಳನ್ನೋ, ಚಿತ್ರಕಥೆಯ ಪುಸ್ತಿಕೆಗಳನ್ನೋ ಒಟ್ಟುಮಾಡಿ ಊರಿನ ಬೈಂಡಿಂಗ್ ಅಂಗಡಿಗೆ ಕೊಡುವುದು. ಅವರು ದಬ್ಬಳದಿಂದ ತೂತು ಹೊಡೆದು, ದಾರ ಹೊಲಿದು, ರಟ್ಟು ಅಂಟಿಸಿ, ಬೆನ್ನಿಗೆ ಬಟ್ಟೆಯ ಪಟ್ಟಿ ಹಾಕಿ ಕೊಡುತ್ತಿದ್ದರು. ಓದುಗನೇ ಸಂಪಾದಕನಾಗಿ ಕಟ್ಟಿದ ಆ ಸಂಪುಟಗಳಲ್ಲಿ ಯಾವ ಕಥೆಯ ಪಕ್ಕದಲ್ಲಿ ಯಾವ ಕಥೆ ಕೂರಬೇಕೆಂಬುದನ್ನು ಆ ಮನೆಯೇ ನಿರ್ಧರಿಸಿತ್ತು. ಅಂಚು ಸಮಮಾಡುವಾಗ ಪುಟದ ನೆತ್ತಿ ಕತ್ತರಿಸಿಹೋಗುತ್ತಿದ್ದುದು, ಎಷ್ಟೋ ಸಲ ಬಣ್ಣದ ಮುಖಪುಟವನ್ನೇ ಕಿತ್ತು ಎಸೆಯುತ್ತಿದ್ದುದು ಅದರ ದೋಷಗಳು. ಆದರೂ ಕನ್ನಡದ ಜನಪ್ರಿಯ ಓದಿನ ಎಷ್ಟೋ ಸಾಮಗ್ರಿ ಇಂದಿಗೂ ಉಳಿದಿರುವುದು ಇಂತಹ ಮನೆಯ ಕಟ್ಟುಗಳಿಂದ.

ಈಗ ಆ ಮನೆಗಳಲ್ಲಿ ನಡೆಯುತ್ತಿರುವುದು ಬೇರೊಂದು ವಿನಿಮಯ. ಮಕ್ಕಳು ದೊಡ್ಡವರಾಗಿ ಊರು ಬಿಟ್ಟಿದ್ದಾರೆ. ಅಟ್ಟದ ಮೇಲಿನ ಮಾಸಿದ ಪುಸ್ತಿಕೆಗಳನ್ನು ರದ್ದಿಗೆ ಹಾಕಿ, ಮೊಮ್ಮಕ್ಕಳಿಗೆಂದು ಹೊಸ ಸಂಪುಟಗಳ ಪೆಟ್ಟಿಗೆಯನ್ನು ತರಿಸುತ್ತಾರೆ. ಕಥೆ ಹೇಗೂ ಉಳಿಯಿತಲ್ಲ ಎಂಬುದು ಸಮಾಧಾನ. ಇತಿಹಾಸದ ವಿದ್ಯಾರ್ಥಿಯು ತಡೆದು ನಿಲ್ಲಬೇಕಾದದ್ದು ಇಲ್ಲಿಯೇ. ಸಂಪುಟವು ಕಥೆಯನ್ನು ಉಳಿಸುತ್ತದೆ. ಆದರೆ ಸಂಚಿಕೆಯ ಬೆಲೆ, ಹಿಂಬದಿಯ ಜಾಹೀರಾತು, ಮುಂಬರುವ ಪುಸ್ತಕಗಳ ಪಟ್ಟಿ, ಹೆಸರು ಬರೆದುಕೊಂಡ ಮಗುವಿನ ಕೈಬರಹ ಇವು ಸಂಪುಟಕ್ಕೆ ಬರುವುದಿಲ್ಲ. ಓದಿನ ಚರಿತ್ರೆಗೆ ಬೇಕಾದ ಸಾಕ್ಷ್ಯಗಳೆಲ್ಲ ಪುಸ್ತಿಕೆಯ ಅಂಚಿನಲ್ಲಿಯೇ ಇವೆ.

ಅಮರ ಚಿತ್ರ ಕಥೆಯ ಕ್ರಮಸಂಖ್ಯೆಯೇ ಇದಕ್ಕೆ ಉತ್ತಮ ನಿದರ್ಶನ. ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಮಾಲೆಯ ಮೊದಲ ಪುಸ್ತಿಕೆಗಳು ಪುರಾಣಕಥೆಗಳಲ್ಲ. ಅವು 1965ರ ಸುಮಾರಿಗೆ ಬೆಂಗಳೂರಿನ ಉತ್ಸಾಹದಿಂದ ಕನ್ನಡದಲ್ಲಿ ಹೊರಬಂದ ಸಿಂಡರೆಲ್ಲ, ಅಲ್ಲಾವುದ್ದೀನ್ ಮುಂತಾದ ಹೊರನಾಡಿನ ಕಥೆಗಳು. ಅವು ಹತ್ತು ಸಂಖ್ಯೆಗಳನ್ನು ಆಕ್ರಮಿಸಿದ್ದರಿಂದ, ಇಂಗ್ಲಿಷಿನ ‘ಕೃಷ್ಣ’ ಮಾಲೆಯ ಮೊದಲ ಭಾರತೀಯ ಕಥೆಯಾದರೂ ಅದರ ಸಂಖ್ಯೆ 11 ಆಯಿತು. ಮುಂದೆ ಮರುಮುದ್ರಣಗಳಿಗೆ 501ರಿಂದ ಹೊಸ ಸಂಖ್ಯೆ ಕೊಡಲಾಯಿತು. ಹಳೆಯ ಪುಸ್ತಿಕೆಯ ಮೇಲಿನ 11 ಎಂಬ ಅಂಕಿ, ಅದರ ಹಿಂದೆ ಕನ್ನಡದ ಹತ್ತು ಪುಸ್ತಕಗಳಿದ್ದವು ಎಂಬುದಕ್ಕೆ ಸಾಕ್ಷಿಯಾಗಿತ್ತು. ಹೊಸ ಸಂಖ್ಯೆಯಲ್ಲಿ ಆ ಸಾಕ್ಷಿ ಇಲ್ಲ. ಸಂಪುಟವನ್ನಷ್ಟೇ ಕಂಡ ಸಂಶೋಧಕನಿಗೆ ಮಾಲೆಯು ಕೃಷ್ಣನಿಂದಲೇ ಆರಂಭವಾದಂತೆ ತೋರಿದರೆ ಆಶ್ಚರ್ಯವಿಲ್ಲ.

ಕಾಪಾಡುವುದು ಮತ್ತು ಹಂಚುವುದು ಎಂಬ ಈ ದ್ವಂದ್ವವು ಜೈನ ಗ್ರಂಥಪರಂಪರೆಗೆ ಹೊಸದಲ್ಲ. ಮೂಡುಬಿದಿರೆಯಲ್ಲಿ ಧವಳಾದಿ ಸಿದ್ಧಾಂತಗ್ರಂಥಗಳ ಓಲೆಗರಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಆ ಗರಿಗಳಲ್ಲಿ ಹೊಯ್ಸಳರ ಕಾಲದ ವರ್ಣಚಿತ್ರಗಳೂ ಇವೆ. ಆದರೆ ಬಹುಕಾಲ ಅವು ದರ್ಶನಕ್ಕೆ ದೊರೆತವೇ ಹೊರತು ಅಧ್ಯಯನಕ್ಕೆ ದೊರೆಯಲಿಲ್ಲ. ಪ್ರತಿಗಳು ಹೊರಬಂದು, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳಾ ಅಚ್ಚಾಗತೊಡಗಿದ ಮೇಲೆಯೇ ವಿದ್ವತ್ ಲೋಕಕ್ಕೆ ಅದು ಓದುವ ಗ್ರಂಥವಾಯಿತು. ಇದಕ್ಕೆ ಎದುರಾಗಿ ನಿಲ್ಲುವುದು ದಾನಚಿಂತಾಮಣಿ ಅತ್ತಿಮಬ್ಬೆಯ ಮಾರ್ಗ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆಕೆ ಗ್ರಂಥರಕ್ಷಣೆಯ ಇನ್ನೊಂದು ಸೂತ್ರವನ್ನು ಆಚರಿಸಿ ತೋರಿದಳು: ಒಂದನ್ನು ಬಿಗಿದಿಡುವುದಕ್ಕಿಂತ ಹಲವನ್ನು ಹರಡುವುದು ಕ್ಷೇಮ. ಎರಡು ಮಾರ್ಗಗಳಲ್ಲಿ ಒಂದನ್ನು ಹೀಗಳೆಯಬೇಕಾಗಿಲ್ಲ. ಮೂಡುಬಿದಿರೆಯ ಭಂಡಾರವಿಲ್ಲದಿದ್ದರೆ ಅಚ್ಚುಮಾಡಲು ಧವಳಾ ಉಳಿಯುತ್ತಿರಲಿಲ್ಲ; ಪ್ರತಿಗಳು ಹೊರಬರದಿದ್ದರೆ ಉಳಿದೂ ಓದಿಗೆ ಒದಗುತ್ತಿರಲಿಲ್ಲ.

ಚಿತ್ರಕಥೆಯ ಆಯ್ಕೆಯಲ್ಲಿಯೂ ಇದೇ ವಿವೇಕ ಸಲ್ಲುತ್ತದೆ. ಓದು ಕಲಿಯುತ್ತಿರುವ ಮಗುವಿಗೆ ಪೇಪರ್‌ಬ್ಯಾಕ್ ಕೊಡುವುದು ಲೇಸು. ಮಡಿಚಿ, ಹರಿದು, ಗೆಳೆಯರಿಗೆ ಕೊಟ್ಟು ಕಳೆದುಹೋದರೂ ಅದು ತನ್ನ ಕೆಲಸ ಮಾಡಿಯೇ ಹೋಗುತ್ತದೆ. ಒಡೆಯಬಾರದ ದೀರ್ಘ ಕಥನಕ್ಕೆ, ಹಲವರ ಕೈಗೆ ಸಿಕ್ಕುವ ಗ್ರಂಥಾಲಯದ ಪ್ರತಿಗೆ ಗಟ್ಟಿರಟ್ಟು ಯೋಗ್ಯ; ಆದರೆ ಹೊಲಿಗೆಯನ್ನು ನೋಡಿ ಕೊಳ್ಳಬೇಕು. ಇನ್ನು ಸಂಶೋಧಕನ ಪಾಲಿಗೆ, ಅಟ್ಟದಲ್ಲಿರುವ ಹಳೆಯ ಕನ್ನಡ ಪುಸ್ತಿಕೆಯೇ ಮೊದಲ ಆಯ್ಕೆ. ಸಂಪುಟವನ್ನು ನಾಳೆಯೂ ಕೊಳ್ಳಬಹುದು, ಅದು ಮತ್ತೆ ಅಚ್ಚಾಗುತ್ತದೆ. ರದ್ದಿಯ ತಕ್ಕಡಿಗೆ ಬಿದ್ದ ಪುಸ್ತಿಕೆ ಮರಳಿ ಬರುವುದಿಲ್ಲ. ಮನೆಗಳನ್ನು ಬಲ್ಲ ವಿದ್ಯಾರ್ಥಿಗಳು ಅವುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಸಂಖ್ಯೆ, ಬೆಲೆ, ಅನುವಾದಕರ ಹೆಸರುಗಳನ್ನು ಗುರುತಿಸಿಟ್ಟರೆ, ಕನ್ನಡ ಚಿತ್ರಕಥೆಯ ಚರಿತ್ರೆ ಹನ್ನೊಂದರಿಂದಲ್ಲದೆ ಒಂದರಿಂದ ಆರಂಭವಾಗಲು ಇನ್ನೂ ಅವಕಾಶವಿದೆ.