ಪರಂಗಿಮಲೆಯ ಮೆಟ್ಟಿಲುಗಳು

ಚೆನ್ನೈಗೆ ಬಂದ ನಮ್ಮವರು ಮೊದಲು ನೋಡುವುದು ಮೆರೀನಾ ಕಡಲತೀರ, ಆಮೇಲೆ ಕಪಾಲೀಶ್ವರನ ಗುಡಿ, ಆಮೇಲೆ ತ್ಯಾಗರಾಯನಗರದ ಸೀರೆಯಂಗಡಿಗಳು. ವಿಮಾನ ನಿಲ್ದಾಣದ ಬಳಿ ನಿಂತಿರುವ ಗುಡ್ಡವೊಂದನ್ನು ಎಲ್ಲರೂ ದೂರದಿಂದ ಕಂಡಿರುತ್ತಾರೆ, ಹತ್ತಿದವರು ಕಡಮೆ. ತಮಿಳರು ಅದನ್ನು ಪರಂಗಿಮಲೈ ಎನ್ನುತ್ತಾರೆ. ಇಂಗ್ಲಿಷಿನ ಹೆಸರು ಸೇಂಟ್ ಥಾಮಸ್ ಮೌಂಟ್. ನಮ್ಮ ಪರಂಗಿಹಣ್ಣಿನ ಪರಂಗಿಯೇ ಇದು. ಕಡಲು ದಾಟಿ ಬಂದವರ ಹೆಸರು ಹಣ್ಣಿಗೂ ಅಂಟಿತು, ಗುಡ್ಡಕ್ಕೂ ಅಂಟಿತು.

ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ತೋಮನು ಕ್ರಿ. ಶ. 52ರಲ್ಲಿ ಮಲಬಾರಿನ ಕರಾವಳಿಗೆ ಬಂದಿಳಿದು, ಮುಂದೆ ಮೈಲಾಪುರದ ಕಡೆ ಬಂದು, 72ರಲ್ಲಿ ಈ ಗುಡ್ಡದ ಮೇಲೆ ಈಟಿಯ ತಿವಿತಕ್ಕೆ ಸಿಕ್ಕಿ ಮಡಿದನೆಂದು ಇಲ್ಲಿಯ ಕ್ರೈಸ್ತರ ನಂಬಿಕೆ. ಸೈದಾಪೇಟೆಯ ಹತ್ತಿರದ ಚಿನ್ನಮಲೆಯ ಗವಿಯಲ್ಲಿ ಅವನು ಅಡಗಿದ್ದನಂತೆ. ಅವನನ್ನು ಹೂಳಿದ್ದು ಕಡಲ ಪಕ್ಕದ ಸಾಂತೋಮಿನಲ್ಲಿ. ಈಗ ಅಲ್ಲಿರುವ ಬೆಳ್ಳಗಿನ ದೊಡ್ಡ ದೇವಾಲಯ 1896ರದು. ಸಾಂತೋಮನ್ನು ಬಸ್ಸಿನ ಕಿಟಕಿಯಿಂದ ನೋಡಿದರೂ ಅರ್ಧ ನೋಡಿದಂತಾಯಿತು. ಗುಡ್ಡ ಹಾಗಲ್ಲ, ಕಾಲಿಗೆ ಕೆಲಸ ಕೊಡಲೇಬೇಕು.

ವಾಹನಕ್ಕೆ ರಸ್ತೆಯುಂಟು. ಆದರೆ ನಾನು ಹೇಳುವುದು ಮೆಟ್ಟಿಲ ದಾರಿಯನ್ನು. ಗುಡ್ಡದ ಎತ್ತರ ಸುಮಾರು 300 ಅಡಿ, ಮೆಟ್ಟಿಲುಗಳು 130ಕ್ಕೂ ಮೇಲೆ. ಇವನ್ನು ಕಟ್ಟಿಸಿದವನು ಕೋಜಾ ಪೆಟ್ರಸ್ ಉಸ್ಕಾನ್ ಎಂಬ ಆರ್ಮೇನಿಯದ ವರ್ತಕ. ಯಾತ್ರಿಕರು ಅಡ್ಯಾರು ಹೊಳೆಯಲ್ಲಿ ಕಷ್ಟಪಡಬಾರದೆಂದು 1726ರಲ್ಲಿ ಸೈದಾಪೇಟೆಯಲ್ಲಿ ಸೇತುವೆ ಕಟ್ಟಿಸಿದ ಪುಣ್ಯಾತ್ಮನೂ ಅವನೇ. 1751ರಲ್ಲಿ ಅವನು ಮದರಾಸಿನಲ್ಲೇ ತೀರಿಕೊಂಡ. ದೇಹ ವೇಪೇರಿಯ ಮಣ್ಣಿಗೆ ಸೇರಿತು. ಹೃದಯವನ್ನು ಮಾತ್ರ ಒಂದು ಪೆಟ್ಟಿಗೆಯಲ್ಲಿಟ್ಟು ಪಾರಸಿ ದೇಶದ ಜುಲ್ಫಾ ಪಟ್ಟಣಕ್ಕೆ, ಅವನ ಜನರಿದ್ದಲ್ಲಿಗೆ, ಕಳಿಸಿದರಂತೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಸಂಗತಿ ವಿಚಿತ್ರವಾಗಿ ತೋರದು.

ಮೆಟ್ಟಿಲ ಪಕ್ಕದಲ್ಲಿ ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಹದಿನಾಲ್ಕು ನಿಲುಗಡೆಗಳಿವೆ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಜನ ಪ್ರತಿಯೊಂದರ ಮುಂದೆಯೂ ಮೊಣಕಾಲೂರಿ ಪ್ರಾರ್ಥಿಸುತ್ತ ಹತ್ತುತ್ತಾರೆ. ನಾನು ಹೋದ ಭಾನುವಾರ ಹಿಂದೂ ಹೆಂಗಸರೂ ಹೂವು ಹಿಡಿದು ಹತ್ತುತ್ತಿದ್ದರು. ಕೇಳಿದರೆ, “ಸಾಮಿ ಸಾಮಿಯೇ” ಎಂಬ ಉತ್ತರ ಬಂತು.

ಮೇಲಿರುವುದು ಚಿಕ್ಕ ಇಗರ್ಜಿ. 1986ರ ಫೆಬ್ರವರಿಯಲ್ಲಿ ಎರಡನೆಯ ಜಾನ್ ಪಾಲ್ ಪೋಪರೂ ಇಲ್ಲಿಗೆ ಬಂದಿದ್ದರು. ಒಳಗೆ ಪೂಜಾಪೀಠದ ಹಿಂದೆ ಒಂದು ಕಲ್ಲಿನ ಶಿಲುಬೆಯಿದೆ. 1547ರಲ್ಲಿ ಪೋರ್ಚುಗೀಸರು ಅಗೆಯುವಾಗ ಸಿಕ್ಕಿದ್ದಂತೆ. ಅದು ರಕ್ತ ಬೆವರುತ್ತಿತ್ತೆಂಬ ಕಥೆಯೂ ಇದೆ. ಅದನ್ನು ನಂಬುವವರಿಗೆ ಬಿಡುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಲುಬೆಯ ಸುತ್ತ ಕಮಾನಿನಂತೆ ಕೊರೆದ ಬರೆಹ. ಅದು ತಮಿಳಲ್ಲ, ಲ್ಯಾಟಿನ್ ಅಲ್ಲ, ಹಳೆಯ ಪಾರಸಿಕರ ಪಹ್ಲವಿ. ಬಹುಕಾಲ ಯಾರಿಗೂ ಅದನ್ನು ಸರಿಯಾಗಿ ಓದಲಾಗಲಿಲ್ಲ. ವಿದ್ವಾಂಸರ ಓದು ಒಬ್ಬರದು ಒಂದು ರೀತಿ. ಅವುಗಳಲ್ಲಿ ಒಂದರ ತಾತ್ಪರ್ಯ ಇಷ್ಟೆ: ಇದನ್ನು ಕೊರೆದ, ಚಹಾರ್‌ಬುಖ್ತನ ಮಗನಾದ ಇಂಥವನ ಮೇಲೆ ಕ್ರಿಸ್ತನು ದಯೆತೋರಲಿ. ರಾಜನ ದಾನವಿಲ್ಲ, ಬಿರುದಿಲ್ಲ. ನಮ್ಮ ಕನ್ನಡ ಶಾಸನಗಳಲ್ಲಿ ದಾನ ಕೆಡಿಸಿದವನಿಗೆ ಶಾಪ ಹಾಕುವುದುಂಟು. ಇಲ್ಲಿ ಬರೆಸಿದವನು ತನಗಾಗಿಯೇ ಕರುಣೆ ಬೇಡುತ್ತಾನೆ. ಏನು ತಪ್ಪು ಮಾಡಿದ್ದನೋ, ತಂದೆಯ ಹೆಸರನ್ನಂತೂ ಜೊತೆಗೆ ಹಾಕಿಸಿದ್ದಾನೆ.

ಈ ಗುಡ್ಡವನ್ನು ನನಗೆ ತೋರಿಸಿದವರು ನಮ್ಮ ಕಚೇರಿಯ ಹಿರಿಯ ಸಹೋದ್ಯೋಗಿ, ಮಂಗಳೂರು ಕಡೆಯ ಕ್ರೈಸ್ತರು. ಹೆಸರು ಬೇಡ, ಸಂಗತಿಯನ್ನು ಬರೆಯಲು ಅವರೇ ಒಪ್ಪಿದ್ದಾರೆ. ಹಲವು ವರ್ಷಗಳ ಹಿಂದೆ ಸ್ನೇಹಿತನೊಬ್ಬನ ವ್ಯಾಪಾರಕ್ಕೆ ಹಣ ಬೇಕಾದಾಗ ಇವರು ಊರಿಗೆ ಹೋಗಿ, ಪೆನ್ಷನ್ನಿನ ಕಾಗದವೆಂದು ಹೇಳಿ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಅದು ಮನೆಯ ಅಡಮಾನ ಪತ್ರ. ಸ್ನೇಹಿತ ಕಣ್ಮರೆಯಾದ, ಮನೆ ಹೋಯಿತು. ತಾಯಿ ತಮ್ಮನ ಬಾಡಿಗೆ ಮನೆಯಲ್ಲಿ ಕಣ್ಣುಮುಚ್ಚಿದರು. ಶವಸಂಸ್ಕಾರದ ದಿನ ತಮ್ಮ ಇವರ ಮುಖ ನೋಡಲಿಲ್ಲ.

ಕೆಥೋಲಿಕರಲ್ಲಿ ಗುರುಗಳ ಕಿವಿಯಲ್ಲಿ ಪಾಪ ಹೇಳಿಕೊಳ್ಳುವ ಪದ್ಧತಿಯುಂಟು. ಹೇಳಿದ್ದು ಗುರುಗಳ ಬಾಯಿಂದ ಹೊರಬೀಳುವಂತಿಲ್ಲ. ಕೊಂಕಣಿಯಲ್ಲಿ ಇದಕ್ಕೆ ಕುಮ್ಸಾರ್, ಹಳೆಯ ತಮಿಳು ಕ್ರೈಸ್ತರಲ್ಲಿ ಪಾವಸಂಕೀರ್ತನಂ. ಸಂಕೀರ್ತನೆ ಎಂದರೆ ತಾಳ-ತಂಬೂರಿ ಎಂದುಕೊಂಡಿದ್ದ ನನಗೆ ಈ ಮಾತು ಕೇಳಿ ಬೆರಗಾಯಿತು. ನಮ್ಮ ಹಿರಿಯರು ವರ್ಷವರ್ಷವೂ ತಮಿಳಿನಲ್ಲಿ ಕುಮ್ಸಾರ್ ಮಾಡುತ್ತಿದ್ದರು. “ತಮಿಳಿನಲ್ಲಿ ಹೇಳಿದಾಗ ಅದು ಬೇರೆ ಯಾರದೋ ಅರ್ಜಿ ಓದಿದ ಹಾಗಿತ್ತು” ಎಂದರು. “ಸಾಲದಲ್ಲಿ ಸಿಕ್ಕಿಕೊಂಡೆ ಎನ್ನುತ್ತಿದ್ದೆ. ಹೆಬ್ಬೆಟ್ಟಿನ ಮಾತು ಎತ್ತುತ್ತಿರಲಿಲ್ಲ.”

ಒಂದು ತಪಸ್ಸುಕಾಲದಲ್ಲಿ, ಈ ಗುಡ್ಡದ ಮೇಲೆ, ಊರ ಕಡೆಯ ಗುರುಗಳೊಬ್ಬರು ಸಿಕ್ಕರು. ಕೊಂಕಣಿಯಲ್ಲಿ ಬಾಯಿಬಿಟ್ಟರು, ಹೆಬ್ಬೆಟ್ಟೂ ಹೊರಬಂತು. ಗುರುಗಳು ಪಾಪಕ್ಷಮೆಯ ಮಾತು ಹೇಳಿ ಕಳಿಸುತ್ತಾರೆಂದು ಇವರು ಕಾದರು. ಅವರು ಕೇಳಿದ್ದು, “ತಮ್ಮನಿಗೆ ಇದನ್ನು ಹೇಳಿದ್ದೀರಾ?” ಕಾಣಿಕೆ ತಂದವನಿಗೆ ಸಹೋದರನೊಡನೆ ಮನಸ್ತಾಪವಿದ್ದರೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನಲ್ಲಿಗೆ ಹೋಗಬೇಕೆಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಬರುತ್ತದೆಯಷ್ಟೆ. ಅದನ್ನು ನೆನಪಿಸಿ, ಅನಂತರ ಕ್ಷಮೆಯ ಮಾತನ್ನೂ ಹೇಳಿದರಂತೆ. ದೇವರು ಕ್ಷಮಿಸಿದ ಮೇಲೆ ತಮ್ಮನ ಹತ್ತಿರ ಯಾಕೆ ಹೋಗಬೇಕೆಂದು ನಾನು ಕೇಳಿದೆ. “ದೇವರು ಕ್ಷಮಿಸಿದ್ದರಿಂದ ಹೋಗುವ ಧೈರ್ಯ ಬಂತು. ಇಲ್ಲದಿದ್ದರೆ ಬಸ್ಸೇ ಹತ್ತುತ್ತಿರಲಿಲ್ಲ” ಎಂದರು.

ತೋಮನ ಕಥೆಯಲ್ಲೂ ಇಂಥದೊಂದು ಉಂಟು. ಯೋಹಾನನ ಸುವಾರ್ತೆಯಂತೆ, ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಯೇಸು ಶಿಷ್ಯರಿಗೆ ಕೊಟ್ಟ ಸಂಜೆ ತೋಮನು ಅಲ್ಲಿ ಇರಲಿಲ್ಲ. ಉಳಿದವರು ಹೇಳಿದರೂ ನಂಬಲಿಲ್ಲ. ಎಂಟು ದಿನ ಕಳೆದು ಯೇಸು ಮತ್ತೆ ಬಂದು, ಗಾಯವನ್ನು ಮುಟ್ಟಿ ನೋಡೆಂದು ಅವನನ್ನು ಕರೆದ. ಹೀಗೆ ತಡವಾಗಿ ಬಂದವನ ಗುಡ್ಡ ಇದು.

ನಮ್ಮ ಹಿರಿಯರು ಊರಿಗೆ ಹೋದರು. ತಮ್ಮ ಜಗಲಿಯಲ್ಲೇ ನಿಲ್ಲಿಸಿ ಕೇಳಿಸಿಕೊಂಡ, ಒಳಗೆ ಕರೆಯಲಿಲ್ಲ. ನಾದಿನಿ ಮಾತ್ರ ನೀರು ತಂದುಕೊಟ್ಟಳು. ಅಂದಿನಿಂದ ಪ್ರತಿ ತಿಂಗಳೂ ಸಂಬಳದಲ್ಲಿ ಒಂದು ಪಾಲನ್ನು ತಮ್ಮನ ಬ್ಯಾಂಕಿನ ಖಾತೆಗೆ ಕಳಿಸುತ್ತಾರೆ. ಎರಡು ವರ್ಷ ಅತ್ತಲಿಂದ ಸುದ್ದಿಯಿಲ್ಲ. ಕಳೆದ ಕ್ರಿಸ್ಮಸ್ಸಿಗೆ ಒಂದು ಕಾಗದ ಬಂತು. ಕನ್ನಡ ಲಿಪಿ, ಕೊಂಕಣಿ ಮಾತು, ಒಂದೇ ಸಾಲು. ಕಳಿಸಿದ ಹಣದಲ್ಲಿ ತಾಯಿಯ ಗೋರಿಗೆ ಕಲ್ಲು ಹಾಕಿಸಿದ್ದೇನೆ, ಇಬ್ಬರು ಮಕ್ಕಳ ಹೆಸರನ್ನೂ ಕೊರೆಸಿದ್ದೇನೆ ಎಂದಿತ್ತು. ಆ ಕಾಗದವನ್ನು ಅವರು ಟಿಫಿನ್ ಡಬ್ಬಿಯ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಈ ರಜೆಯಲ್ಲಿ ಮಂಗಳೂರು ಮೇಲಿಗೆ ಎರಡು ಟಿಕೆಟ್ಟು ಕಾದಿರಿಸಿದ್ದಾರೆ, ತಮಗೊಂದು, ಹೆಂಡತಿಗೊಂದು. ತಮ್ಮನಿಗೆ ಇನ್ನೂ ತಿಳಿಸಿಲ್ಲ.