ಊಟಕ್ಕೆ ಬಾಣ ಬಿಟ್ಟವರು

1985ರಲ್ಲಿ ಅಟಾರಿ ಗೇಮ್ಸ್ ಕಂಪನಿ ಹೊರತಂದ ‘ಗಾಂಟ್ಲೆಟ್’ ಆರ್ಕೇಡ್ ಯಂತ್ರದ ಮುಂದೆ ಒಟ್ಟಿಗೆ ನಾಲ್ಕು ಜನ ನಿಂತು ಆಡಬಹುದಿತ್ತು. ಒಬ್ಬ ಯೋಧ, ಒಬ್ಬಳು ವಾಲ್ಕಿರಿ, ಒಬ್ಬ ಮಾಂತ್ರಿಕ, ಬಿಲ್ಲು ಹಿಡಿದ ಒಬ್ಬ ಎಲ್ಫ್. ನಾಲ್ವರಿಗೂ ಪರದೆ ಒಂದೇ. ಒಬ್ಬ ಮೂಲೆಯಲ್ಲಿ ನಿಧಿ ಹುಡುಕುತ್ತ ನಿಂತರೆ ಉಳಿದ ಮೂವರೂ ಮುಂದೆ ಹೋಗಲಾರದೆ ಹಲ್ಲು ಕಡಿಯಬೇಕು. ದೆವ್ವಗಳ ಹಿಂಡು ಬಂದು ಮುಗಿಬೀಳುವುದು ಆಮೇಲಿನ ಮಾತು. ಸುಮ್ಮನೆ ನಿಂತರೂ ಪ್ರತಿಯೊಬ್ಬರ ಜೀವಶಕ್ತಿ ಗಡಿಯಾರದ ಲೆಕ್ಕದಲ್ಲಿ ಸೋರಿಹೋಗುತ್ತಿತ್ತು. ತುಂಬಿಸಿಕೊಳ್ಳಲು ಎರಡೇ ದಾರಿ: ಯಂತ್ರಕ್ಕೆ ಇನ್ನೊಂದು ನಾಣ್ಯ ಹಾಕುವುದು, ಇಲ್ಲವೇ ನೆಲದ ಮೇಲೆ ಸಿಗುವ ಊಟ.

ಈ ಊಟದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ವಿನ್ಯಾಸಕ ಎಡ್ ಲಾಗ್ ಅದನ್ನು ಹಂಚಿಕೊಡಲಿಲ್ಲ. ಮುಟ್ಟಿದವನಿಗೆ ಪೂರ್ತಿ, ಉಳಿದವರಿಗೆ ಸೊನ್ನೆ. ಸಾಯುವ ಹಂತದಲ್ಲಿರುವ ಮಾಂತ್ರಿಕ ನಾಲ್ಕು ಹೆಜ್ಜೆ ದೂರದಲ್ಲಿರುವಾಗಲೇ ಗಟ್ಟಿಮುಟ್ಟಾದ ಯೋಧ ಬಂದು ಅದನ್ನು ಗುಳುಂ ಮಾಡಬಹುದು. ಅದಕ್ಕಿಂತ ಘೋರವೆಂದರೆ, ಕೆಲವು ಬಗೆಯ ಆಹಾರಕ್ಕೆ ಬಾಣ ತಾಗಿದರೆ ಅದು ಯಾರಿಗೂ ದಕ್ಕದೆ ಮಾಯವಾಗುತ್ತಿತ್ತು. ಆಗ ಯಂತ್ರ ತನ್ನ ಲೋಹದ ಕಂಠದಲ್ಲಿ, ಎಲ್ಫ್ ಊಟಕ್ಕೆ ಹೊಡೆದ ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಸಾರುತ್ತಿತ್ತು. ತಪ್ಪಿತಸ್ಥ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತಿದ್ದ. ಬೈಯಲು ದೂರ ಹೋಗಬೇಕಾಗಿರಲಿಲ್ಲ.

ಒಗ್ಗಟ್ಟಿನಲ್ಲಿ ಬಲವಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಗುರಾಣಿಯವನು ಮುಂದೆ, ಬಿಲ್ಲಿನವನು ಹಿಂದೆ, ಗಾಯ ಮಾಯಿಸುವವನು ನಡುವೆ ಎಂಬ ಪಾಠ ಎಲ್ಲರಿಗೂ ಮೊದಲ ದಿನವೇ ಗೊತ್ತಾಗುತ್ತದೆ, ಎರಡನೆಯ ದಿನ ಮರೆತುಹೋಗುತ್ತದೆ. ಇಂಥ ಆಟಗಳ ನಿಜವಾದ ಕಷ್ಟ ರಾಕ್ಷಸನ ಬಲದಲ್ಲಿಲ್ಲ. ಎಲ್ಲರಿಗೂ ಸಾಲದ ವಸ್ತುವೊಂದನ್ನು ನಾಲ್ವರ ನಡುವೆ ಇಟ್ಟು, ಏನು ಮಾಡುತ್ತಾರೋ ನೋಡೋಣ ಎಂದು ಕೂರುವ ವಿನ್ಯಾಸದಲ್ಲಿದೆ. ಈ ಜಗಳವನ್ನು ತಪ್ಪಿಸಿದವರೂ ಇದ್ದಾರೆ. ‘ಡಯಾಬ್ಲೊ’ದ ಮೊದಲೆರಡು ಆಟಗಳಲ್ಲಿ ರಾಕ್ಷಸ ಸತ್ತಾಗ ಉದುರುವ ಲೂಟು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಬಾಚಿಕೊಂಡವನಿಗೆ ಸೇರುತ್ತಿತ್ತು. 2012ರ ‘ಡಯಾಬ್ಲೊ 3’ರಲ್ಲಿ ಪ್ರತಿಯೊಬ್ಬರಿಗೂ ಅವರವರ ಪಾಲು ಮಾತ್ರ ಕಾಣುತ್ತದೆ. ಶಾಂತಿ ನೆಲೆಸಿತು, ನಿಜ. ಪಕ್ಕದವನಿಗೆ ಏನು ಸಿಕ್ಕಿತೆಂಬ ಹೊಟ್ಟೆಯುರಿಯ ರುಚಿಯೂ ಹೋಯಿತು.

ಕ್ಯಾಪ್ಕಾಮ್‌ನ ‘ಮಾನ್‌ಸ್ಟರ್ ಹಂಟರ್’ 2004ರಲ್ಲಿ ಶುರುವಾದ ಸರಣಿ. ಇಲ್ಲಿ ಹಂಚಿಕೊಳ್ಳಬೇಕಾದದ್ದು ಸೋಲು. ಸಾಮಾನ್ಯವಾಗಿ ಒಂದು ಬೇಟೆಯಲ್ಲಿ ಇಡೀ ತಂಡಕ್ಕೆ ಸೇರಿ ಮೂರು ಸಲ ಪ್ರಜ್ಞೆ ತಪ್ಪಿದರೆ ಆಟ ಮುಗಿಯಿತು; ಆ ಮೂರನ್ನೂ ಒಬ್ಬನೇ ಖರ್ಚು ಮಾಡಿದರೂ ಕೇಳುವವರಿಲ್ಲ. ಬಿದ್ದವನನ್ನು ಬೆಕ್ಕುಗಳು ಕೈಗಾಡಿಯಲ್ಲಿ ಹೇರಿ ತಂದು ಶಿಬಿರದ ಮುಂದೆ ದೊಪ್ಪೆಂದು ಸುರಿಯುತ್ತವೆ. ಅತ್ತ ಬಹುಮಾನದ ಹಣವೂ ಕಡಿಮೆಯಾಗುತ್ತದೆ. ಊಟಕ್ಕೆ ಇಲ್ಲೂ ದೊಡ್ಡ ಮರ್ಯಾದೆ: ಬೇಟೆಗೆ ಮುಂಚೆ ಹೊಟ್ಟೆತುಂಬ ಉಂಡರೆ ಜೀವಶಕ್ತಿ ಹೆಚ್ಚುತ್ತದೆ. ಕಾಡಿನಲ್ಲಿ ಮಾಂಸವನ್ನು ಕಂಬಿಗೆ ಚುಚ್ಚಿ ಬೆಂಕಿಯ ಮೇಲೆ ತಿರುಗಿಸುವಾಗ ಒಂದು ಚಿಕ್ಕ ರಾಗ ಕೇಳಿಸುತ್ತದೆ; ಅದು ಮುಗಿದ ಕೂಡಲೇ ಎತ್ತಬೇಕು. ಅವಸರಪಟ್ಟರೆ ಹಸಿ, ಮೈಮರೆತರೆ ಕರಿ.

ನಿದ್ದೆಹೋದ ಮೃಗದ ಪ್ರಸಂಗ ತಂಡಗಳ ನಿಜವಾದ ಪರೀಕ್ಷೆ. ಮಲಗಿದ ಮೃಗಕ್ಕೆ ಬೀಳುವ ಮೊದಲ ಏಟಿಗೆ ಮಾತ್ರ ಮಾಮೂಲಿಗಿಂತ ಹೆಚ್ಚಿನ ಬಲ. ಆದ್ದರಿಂದ ನಾಲ್ವರೂ ಹೆಜ್ಜೆ ಸಪ್ಪಳವಿಲ್ಲದೆ ಬಂದು, ತಲೆಯ ಸುತ್ತ ಮದ್ದಿನ ಪೀಪಾಯಿಗಳನ್ನು ಜೋಡಿಸಿ, ಭಾರವಾದ ಕತ್ತಿಯವನು ಪೂರ್ತಿ ಬೀಸು ತೆಗೆದುಕೊಳ್ಳುವವರೆಗೆ ಕಾಯಬೇಕು. ಅಷ್ಟರಲ್ಲಿ ಚೂರಿ ಹಿಡಿದ ಉತ್ಸಾಹಿಯೊಬ್ಬ ಬಾಲಕ್ಕೆ ಚುಚ್ಚುತ್ತಾನೆ. ಪ್ರತಿ ತಂಡದಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಮೃಗ ಎದ್ದು ಕೂರುತ್ತದೆ.

ಅವಸರದವನ ಮಾತು ಬಂದಾಗ ಕುಮಾರವ್ಯಾಸನ ದ್ರೋಣಪರ್ವವನ್ನು ಕೇಳಿ ಬೆಳೆದವರಿಗೆ ಅಭಿಮನ್ಯು ನೆನಪಾಗದೆ ಇರುವುದಿಲ್ಲ. ಚಕ್ರವ್ಯೂಹ ಹೊಗಲು ಬಲ್ಲ, ಹೊರಬರಲು ಅರಿಯ ಎಂದು ಹುಡುಗನ ತಲೆಗೇ ತಪ್ಪು ಕಟ್ಟುವುದು ರೂಢಿ. ಆದರೆ ಬೆನ್ನಿಗೇ ಬರುತ್ತೇವೆಂದು ಒಪ್ಪಿಕೊಂಡವರು ದೊಡ್ಡವರು. ಸೈಂಧವ ಬಾಗಿಲಲ್ಲೇ ಅವರನ್ನು ತಡೆದುಬಿಟ್ಟ. ಯೋಜನೆ ಕೆಟ್ಟದ್ದು ಅಲ್ಲಿ. ಮುಂದೆ ನುಗ್ಗಿದವನನ್ನು ಬೈಯುವ ತಂಡ ಒಮ್ಮೆ ಹಿಂದೆ ಉಳಿದವರ ಕಡೆಗೂ ನೋಡುವುದು ನ್ಯಾಯ.

ಜನ ಹೆಚ್ಚಿದಷ್ಟೂ ಆಟ ಸುಲಭ ಎಂಬ ಲೆಕ್ಕವೂ ನಿಲ್ಲುವುದಿಲ್ಲ, ಏಕೆಂದರೆ ರಾಕ್ಷಸನೂ ಬೆಳೆಯುತ್ತಾನೆ. 2018ರ ‘ಮಾನ್‌ಸ್ಟರ್ ಹಂಟರ್: ವರ್ಲ್ಡ್’ನಲ್ಲಿ ಎರಡನೆಯವನು ಸೇರಿದ ಕೂಡಲೇ ಮೃಗದ ಆಯುಷ್ಯ ನಾಲ್ವರ ಮಟ್ಟಕ್ಕೆ ಏರಿಬಿಡುತ್ತಿತ್ತು. ಗಂಡಹೆಂಡಿರೋ ಅಣ್ಣತಮ್ಮಂದಿರೋ ಇಬ್ಬರೇ ಆಡಿದರೆ ನಾಲ್ವರ ಕೆಲಸ. ಇಬ್ಬರಿಗೆಂದು ಬೇರೆ ಅಳತೆ ಬಂದದ್ದು 2019ರ ‘ಐಸ್‌ಬೋರ್ನ್’ ವಿಸ್ತರಣೆಯ ಹೊತ್ತಿಗೆ. ಮೇ 2025ರಲ್ಲಿ ಬಂದ ‘ಎಲ್ಡನ್ ರಿಂಗ್ ನೈಟ್‌ರೇನ್’ ಕೂಡ ಮೂವರಿಗೆ, ಇಲ್ಲವೇ ಒಬ್ಬರಿಗೆ ಎಂದೇ ಹೊರಟಿತು. ಜೋಡಿಗಳಿಗೆ ಅವಕಾಶ ಸಿಕ್ಕಿದ್ದು ಜುಲೈ ಕೊನೆಗೆ. ಈ ಆಟದಲ್ಲಿ ಕುಸಿದ ಜೊತೆಗಾರನನ್ನು ಎಬ್ಬಿಸಬೇಕಾದರೆ ಅವನಿಗೇ ಕತ್ತಿಯಿಂದ ಬಾರಿಸಬೇಕು. ಪದೇ ಪದೇ ಬಿದ್ದವನಿಗೆ ಪೆಟ್ಟುಗಳೂ ಹೆಚ್ಚು ಬೇಕು. ಸಿಟ್ಟು ತೀರಿಸಿಕೊಳ್ಳುವುದನ್ನೂ ಉಪಚಾರವನ್ನೂ ಒಂದೇ ಗುಂಡಿಗೆ ಜೋಡಿಸಿದವರ ಜಾಣತನ ಮೆಚ್ಚಬೇಕಾದದ್ದೇ.

‘ನೈಟ್‌ರೇನ್’ ರೂಪಿಸಿದ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ 2009ರ ‘ಡೀಮನ್ಸ್ ಸೋಲ್ಸ್’ನಲ್ಲಿ ಬೈಯುವುದಕ್ಕೂ ದಾರಿಯಿರಲಿಲ್ಲ. 2018ರಲ್ಲಿ ಅದರ ಸರ್ವರ್ ಮುಚ್ಚುವವರೆಗೆ, ನೆಲದ ಮೇಲೆ ಗುರುತು ಬರೆದಿಟ್ಟ ಅಪರಿಚಿತನನ್ನು ಕರೆದುಕೊಳ್ಳಬಹುದಿತ್ತು, ಅವನೊಂದಿಗೆ ಕೈಸನ್ನೆ ಮಾಡಬಹುದಿತ್ತು, ಅಷ್ಟೇ. ಇದರ ಮೂಲವನ್ನು ನಿರ್ದೇಶಕ ಹಿಡೆಟಾಕ ಮಿಯಾಝಾಕಿ ಒಂದು ಹಿಮದ ಏರುದಾರಿಗೆ ಒಯ್ಯುತ್ತಾರೆ: ಸಿಕ್ಕಿಬಿದ್ದ ಕಾರುಗಳನ್ನು ಹಿಂದಿನವರು ತಳ್ಳಿಕೊಟ್ಟರು, ನಿಂತರೆ ಮತ್ತೆ ಸಿಕ್ಕಿಬೀಳುವ ಭಯಕ್ಕೆ ಯಾರೂ ಇಳಿದು ಧನ್ಯವಾದ ಹೇಳಲಿಲ್ಲ. ಆಟದಲ್ಲಿ ಮಾತ್ರ ಈ ಉಪಕಾರಕ್ಕೆ ಕೂಲಿ ಇತ್ತು. ದೇಹ ಕಳೆದುಕೊಂಡು ಆತ್ಮರೂಪದಲ್ಲಿ ಅಲೆಯುವ ಸಹಾಯಕನಿಗೆ ಬಾಸ್ ಬಿದ್ದರೆ ದೇಹ ಮರಳಿ ಸಿಗುತ್ತಿತ್ತು. ಕರೆದವನೇ ಸತ್ತರೆ ಬರಿಗೈಯಲ್ಲಿ ತನ್ನ ಲೋಕಕ್ಕೆ ವಾಪಸ್. ಹಾಗಾಗಿ ಅಲ್ಲಿನ ಸಹಾಯಕರು ಕರೆದವನನ್ನು ಹಿಂದೆ ನಿಲ್ಲಿಸಿ ತಾವೇ ಮುಂದೆ ನುಗ್ಗುತ್ತಿದ್ದರು.