ಡಿ ಡ್ರೈವ್ ಖಾಲಿ ಮಾಡಿದ ಮೇಲೆ

2024 ಜೂನ್ 3, ಸೋಮವಾರ, ರಾತ್ರಿ
ಡಿ ಡ್ರೈವ್ ತುಂಬಿ ಕೆಂಪಗಾಗಿತ್ತು. ಶಾಸನದ ಪಿಡಿಎಫ್‌ಗಳನ್ನೆಲ್ಲ ಹೊಸ ಹಾರ್ಡ್ ಡಿಸ್ಕಿಗೆ ಸಾಗಿಸಿದೆ. ಅಟ್ಟ ಗುಡಿಸಿ ಇಳಿದ ಹಾಗೆ ಹಗುರ. ಮಜ್ಜಿಗೆ ಕುಡಿದು ಮಲಗುವುದು.

ಜೂನ್ 4, ಬೆಳಿಗ್ಗೆ
ಟಿಪ್ಪಣಿ ಬರೆಯುವ ಆ್ಯಪ್ ಅಬ್ಸಿಡಿಯನ್‌ನಲ್ಲಿ ತಾಳಗುಂದ ಶಾಸನದ ಟಿಪ್ಪಣಿ ತೆರೆದೆ, ಶಿಕಾರಿಪುರ 176. ಲಿಂಕ್ ಒತ್ತಿದರೆ ಏನೂ ಇಲ್ಲ. ಇನ್ನೊಂದು ಒತ್ತಿದೆ. ಅದೂ ಇಲ್ಲ. ಪಕ್ಕದ ಮನೆಯ ಟಿವಿಯಲ್ಲಿ ಮತ ಎಣಿಕೆಯ ಗಲಾಟೆ. ನಾನು ಸತ್ತ ಲಿಂಕ್ ಎಣಿಸುತ್ತಾ ಕೂತೆ. ನಲವತ್ತಕ್ಕೆ ಬಿಟ್ಟೆ.

ರಾತ್ರಿ
ಅಣ್ಣನ ಮಗನಿಗೆ ಫೋನ್. "ಅತ್ತೆ, ಅಬ್ಸಿಡಿಯನ್ ಒಳಗೇ ಇಟ್ಟು ಅಲ್ಲೇ ಸರಿಸಿದ್ರೆ ಅದೇ ತಿದ್ದಿಕೊಳ್ತಿತ್ತು. ಹೊರಗಿನ ಫೈಲ್ ಎಲ್ಲಿ ಹೋಯ್ತು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?"
ನಿಜ. ಆದರೂ ಸಿಟ್ಟು ಬಂತು. ಅವನ ಮೇಲಲ್ಲ.

ಜೂನ್ 5
ಟಿಪ್ಪಣಿಗಳನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ನಾನೇ ಟೈಪ್ ಮಾಡಿದ ಲಿಂಕ್‌ಗಳು ಕನ್ನಡದಲ್ಲೇ ಇವೆ. ಬ್ರೌಸರಿನಿಂದ ತಂದು ಅಂಟಿಸಿದವು ಬರೀ ಪರ್ಸೆಂಟ್ ಗುರುತು, ಇಂಗ್ಲಿಷ್ ಅಕ್ಷರ, ಅಂಕಿ. ಒಂದು 'ಕ'ಕ್ಕೆ ಒಂಬತ್ತು ಚಿಹ್ನೆ. 'ಶಾಸನ' ಅನ್ನುವಷ್ಟಕ್ಕೆ 36. ಇದನ್ನು ಓದುವುದಕ್ಕಿಂತ ಸವೆದ ಕಲ್ಲು ಓದುವುದು ಸಲೀಸು.

ಜೂನ್ 6
ಒಂದೇ ಸಲಕ್ಕೆ ಬದಲಿಸಿಬಿಡೋಣ ಅಂತ 'ಶಾಸನ/' ಇದ್ದಲ್ಲೆಲ್ಲ 'ಆಕರ/ಶಾಸನ/' ಹಾಕಿಸಿದೆ. ಹೊಸ ಡಿಸ್ಕಿನಲ್ಲಿ ಆ ಫೋಲ್ಡರ್ 'ಆಕರ'ದೊಳಗಿದೆ. ಲಿಂಕ್‌ಗಳು ಬದಲಾದವು. ಜೊತೆಗೆ ಲೇಖನದ ಕರಡಿನಲ್ಲಿ "ಈ ಪದ ಶಾಸನ/ಕಾವ್ಯ ಎರಡರಲ್ಲೂ ಇದೆ" ಅಂದಿದ್ದದ್ದು "ಆಕರ/ಶಾಸನ/ಕಾವ್ಯ ಎರಡರಲ್ಲೂ" ಆಗಿ ಕೂತಿದೆ. ಮೂರಾಯಿತಲ್ಲ! ನಕ್ಕೆ. ಮೊದಲೇ ನಕಲು ತೆಗೆದಿಟ್ಟಿದ್ದರಿಂದ ನಗು ಬಂತು.

ಜೂನ್ 8
ಮತ್ತೆ ಎಲ್ಲ ಸತ್ತಿವೆ. ನಿನ್ನೆ ಇ ಆಗಿದ್ದ ಡಿಸ್ಕ್ ಇವತ್ತು ಎಫ್. ಅದಕ್ಕಿಂತ ಮೊದಲು ಪೆನ್‌ಡ್ರೈವ್ ಚುಚ್ಚಿದ್ದೆ, ಅದು ಇ ಹಿಡಿದು ಕೂತಿದೆ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಎಸ್ ಅಂತ ಖಾಯಂ ಮಾಡಿದೆ. ಐದು ನಿಮಿಷದ ಕೆಲಸ, ಅರ್ಧ ದಿನ ಹೋಯಿತು.

ಜೂನ್ 9, ಭಾನುವಾರ
ಹೆಚ್ಚು ಬಳಸುವ ಶಾಸನ ಸಂಪುಟಗಳನ್ನು ಅಬ್ಸಿಡಿಯನ್ ಒಳಕ್ಕೇ ತಂದು ಬರೀ ಹೆಸರಿನಿಂದ ಲಿಂಕ್ ಮಾಡಿದೆ. ಯಾವ ಫೋಲ್ಡರಿನಲ್ಲಿದ್ದರೂ ಹುಡುಕಿಕೊಳ್ಳುತ್ತದೆ. ಸುಖವಾಗಿತ್ತು, ಸಂಜೆಯವರೆಗೆ.
ಬೇಲೂರಿನ ಟಿಪ್ಪಣಿಯಿಂದ 'ಸಂಪುಟ 9' ಒತ್ತಿದರೆ ಬೆಂಗಳೂರು ಜಿಲ್ಲೆಯ ಶಾಸನಗಳು ತೆರೆದವು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ 9 ಅಂದರೆ ಬೆಂಗಳೂರು. ಬೇಲೂರು ಇರುವುದು ಹಾಸನದ 5ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ 9 ಅಂದರೆ ಬೇಲೂರು. ಎರಡಕ್ಕೂ ನಾನಿಟ್ಟ ಹೆಸರು ಒಂದೇ.
ಸತ್ತ ಲಿಂಕ್ ಸತ್ತಿದ್ದೇನೆ ಅನ್ನುತ್ತದೆ. ಇದು ತಪ್ಪು ಮನೆಗೆ ಕರೆದೊಯ್ದು ಇದೇ ಅನ್ನುತ್ತದೆ.

ರಾತ್ರಿ 1 ಗಂಟೆ
ಹೋದ ವರ್ಷ ಅಚ್ಚಾದ ಲೇಖನದಲ್ಲಿ "ಬೇಲೂರು" ಅಂತ ಬರೆದು ನಂಬರ್ ಕೊಟ್ಟಿದ್ದೇನಲ್ಲ, ಯಾವ ಆವೃತ್ತಿಯದು? ಪರಿಷ್ಕರಣೆಯಲ್ಲಿ ಶಾಸನದ ನಂಬರೂ ಬದಲಾಗಿದೆ. ಎದ್ದು ನೋಡಲಿಲ್ಲ.

ಜೂನ್ 11
ಪ್ರತಿ ಫೈಲಿಗೂ ಒಂದು ನಂಬರ್. ಲೈಬ್ರರಿಯ ಅಕ್ಸೆಷನ್ ನಂಬರಿನ ಹಾಗೆ. ಬೀರು ಬದಲಾದರೂ ಅದು ಬದಲಾಗದು. ಅಣ್ಣನ ಮಗ 36 ಅಕ್ಷರದ ಐಡಿ ತೋರಿಸಿದ, ಯಾವತ್ತೂ ಎರಡಾಗುವುದಿಲ್ಲವಂತೆ. ಬೇಡಪ್ಪ. ನನಗೆ ಬಾಯಲ್ಲಿ ಹೇಳಲು ಬರಬೇಕು. 0001 ಹಲ್ಮಿಡಿಗೆ ಕೊಟ್ಟೆ.
ಆ ಟಿಪ್ಪಣಿಯಲ್ಲಿ "ಕಲ್ಲು ಇರುವ ಜಾಗ: ಹಲ್ಮಿಡಿ, ವೀರಭದ್ರ ಗುಡಿಯ ಎದುರು" ಅಂತಿದೆ. ಅಲ್ಲಿರುವುದು ಪ್ರತಿಕೃತಿ. ಕಲ್ಲು ಇಲ್ಲೇ ಮೈಸೂರಿನಲ್ಲಿ, ಪುರಾತತ್ತ್ವ ಇಲಾಖೆಯಲ್ಲಿ. ನೋಡಿಕೊಂಡು ಬಂದವಳೂ ನಾನೇ. ತಿದ್ದಿದೆ.

ಜೂನ್ 14, ಶುಕ್ರವಾರ
ಏಳು ಲಿಂಕ್ ಉಳಿದಿವೆ. ಆರು, ಹೆಸರು ತಪ್ಪಾಗಿ ಟೈಪ್ ಮಾಡಿದ್ದು. ಏಳನೆಯದು "ತಾಳಗುಂದ ಕಂಬ, ಪಡಿಯಚ್ಚು, ಪೂರ್ತಿ". ಹೊಸ ಡಿಸ್ಕಿನಲ್ಲಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲಿಲ್ಲ, ಸಿಡಿಗಳಲ್ಲಿಲ್ಲ. ನನ್ನ ಹತ್ತಿರ ಇತ್ತೋ, ಯಾರಿಂದಲಾದರೂ ತರಿಸಿಕೊಳ್ಳಬೇಕು ಅಂತ ಮೊದಲೇ ಲಿಂಕ್ ಮಾಡಿಟ್ಟಿದ್ದೆನೋ. ನೋಡಿದ ನೆನಪು ಮಾತ್ರ ಇದೆ, ಎಡಬದಿಯಲ್ಲಿ ಶಾಯಿ ಹರಡಿತ್ತು.
0212 ಅಂತ ನಂಬರ್ ಕೊಟ್ಟು ಬಿಟ್ಟಿದ್ದೇನೆ.